ನೀವು ಕತ್ತರಿಸಿದ ಹನ್ನೊಂದು ನಿಮಿಷ

ಆಸ್ಪತ್ರೆಯ ಮಾನ್ಯ ಆಡಳಿತ ನಿರ್ದೇಶಕರೇ,

ಕಳೆದ ಸೋಮವಾರ ನೀವು ಉಪಕರಣ ರಿಪೇರಿ ವಿಭಾಗದ ಒಬ್ಬ ನೌಕರರಿಗೆ ನೋಟಿಸು ಕೊಟ್ಟಿದ್ದೀರಿ. ಅವರ ಅಪರಾಧವೇನೆಂದು ನಿಮ್ಮ ನೋಟಿಸಿನ ಮಾತಿನಲ್ಲೇ ಹೇಳುತ್ತೇನೆ: "ತುರ್ತು ಚಿಕಿತ್ಸಾ ವಿಭಾಗದ ಕೌಂಟರಿನ ಮುಂದೆ ಸಂಸ್ಥೆಯ ಸಾಕ್ಷ್ಯಚಿತ್ರದ ಅನುಮೋದಿತವಲ್ಲದ ಭಾಗವನ್ನು ಅನಧಿಕೃತವಾಗಿ ಪ್ರದರ್ಶಿಸಿ, ಕರ್ತವ್ಯನಿರತ ಸಿಬ್ಬಂದಿಯಲ್ಲಿ ಗೊಂದಲ ಉಂಟುಮಾಡಿರುವುದು." ಹದಿನೈದು ದಿನದೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ಕೆಲಸದಿಂದ ತೆಗೆಯಲಾಗುವುದು ಎಂದೂ ಅದರಲ್ಲಿದೆ. ನೀವು ಪ್ರದರ್ಶನ ಎಂದು ಕರೆದದ್ದು ನಡೆದದ್ದು ಅಂಗೈಯಗಲದ ಫೋನಿನಲ್ಲಿ. ಪ್ರೇಕ್ಷಕರು ಒಬ್ಬ ನರ್ಸು ಮತ್ತು ಒಬ್ಬ ಡಾಕ್ಟರು. ಹಿಂದೆ ನಿಂತಿದ್ದ ನನ್ನನ್ನೂ ಲೆಕ್ಕಕ್ಕೆ ಹಿಡಿದರೆ ಮೂವರು. ಆ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ದೂರದ ಬೆಂಚಿನ ಮೇಲೆ ನನ್ನ ತಂಗಿಯ ಮಗಳು ಉಸಿರಿಗಾಗಿ ಒದ್ದಾಡುತ್ತಿದ್ದಳು. ಆ ಪ್ರದರ್ಶನದಿಂದಾಗಿ ಅವಳು ಬದುಕಿಕೊಂಡಳು. ನಿಮ್ಮ ನೋಟಿಸಿನಲ್ಲಿ ಎಲ್ಲವೂ ಇದೆ, ದಿನಾಂಕ, ಗಂಟೆ, ಕೌಂಟರಿನ ಸಂಖ್ಯೆ. ಇದೊಂದು ಮಾತ್ರ ಇಲ್ಲ.

ಈ ಸಲ ನಿಮ್ಮ ಮೇಲೆ ಯಾರೂ ದೂರು ಹೇಳಿರಲಿಲ್ಲ. ಪತ್ರಿಕೆಗೆ ಹೋಗಿರಲಿಲ್ಲ, ಗೇಟಿನ ಮುಂದೆ ನಿಂತಿರಲಿಲ್ಲ. ಒಂದು ಹುಡುಗಿಗೆ ಉಸಿರು ಬಂತು, ನಾವು ಮನೆಗೆ ಹೋದೆವು. ಆದರೆ ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ನೀವು ಹೆಗಲು ಮುಟ್ಟಿ ನೋಡಿಕೊಂಡಿರಿ. ಹಾಗಾಗಿ ಈಗ ಕೂಗುತ್ತಿದ್ದೇನೆ.

ನನ್ನ ಗುರುತು ನಿಮಗಿಲ್ಲವೆಂದಲ್ಲ. ಮೂರು ತಿಂಗಳ ಹಿಂದೆ ನೀವೇ ನನ್ನ ಕೈಗೊಂದು ಹೂಗುಚ್ಛ ಕೊಟ್ಟಿರಿ. ಫೋಟೋ ತೆಗೆದಾದ ಮೇಲೆ ನಿಮ್ಮ ಸಹಾಯಕರು ಅದನ್ನು ನನ್ನಿಂದ ವಾಪಸು ಇಸಿದುಕೊಂಡರು, ಇನ್ನೊಬ್ಬ ಅತಿಥಿಗೂ ಅದೇ ಬೇಕಿತ್ತಂತೆ. ನಾನು ನಿಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಇಪ್ಪತ್ತೆರಡು ಮೆಟ್ಟಿಲು ಕೆಳಗಿಳಿದರೆ ನೆಲಮಾಳಿಗೆಯಲ್ಲಿ ನಮ್ಮ ಕೋಣೆ. ನೀವು ಇಳಿದು ಬಂದಿಲ್ಲವಾದ್ದರಿಂದ ಮೆಟ್ಟಿಲಿನ ಸಂಖ್ಯೆ ಹೇಳಿದೆ. ಅಲ್ಲಿ ಮಿಷನ್ನುಗಳ ಸದ್ದಿಗೆ ಮಾತು ಕೇಳುವುದಿಲ್ಲ, ಹಾಗಾಗಿ ನಮ್ಮಲ್ಲಿ ಬಹಳ ಜನ ಮಾತು ಕಡಿಮೆ ಮಾಡಿಕೊಂಡಿದ್ದೇವೆ. ನಾನು ಓದಿದ್ದು ಏಳನೇ ತರಗತಿವರೆಗೆ. ಆದರೂ ದಿನಾ ಮನೆಗೆ ಹೋದ ಮೇಲೆ ಅರ್ಧ ಪುಟ ಬರೆಯುತ್ತೇನೆ, ಹೇಳಲಾಗದ್ದನ್ನು ಎಲ್ಲಾದರೂ ಇಡಬೇಕಲ್ಲ. ಈ ಪತ್ರದಲ್ಲಿರುವ ದಿನ, ಗಂಟೆ, ಮಾತು ಎಲ್ಲವೂ ಆ ನೋಟುಬುಕ್ಕಿನಿಂದಲೇ ಬಂದಿವೆ. ಒಂದು ಮಾತು ಮಾತ್ರ ಅಲ್ಲಿಲ್ಲ. ಅದನ್ನೂ ಹೇಳುತ್ತೇನೆ.

ನನ್ನ ತಂಗಿ ನಿಮ್ಮಲ್ಲಿ ಒಂಬತ್ತು ವರ್ಷ ನೆಲ ಒರೆಸಿದಳು. ಹೋದ ವರ್ಷ ಒಂದು ಮಂಗಳವಾರ, ಬೆಳಗ್ಗೆ ಒಂಬತ್ತೂಕಾಲಿಗೆ, ಕೆಲಸದ ನಡುವೆ ಉಸಿರು ಸಿಗದೆ ತಾನೇ ನಡೆದು ತುರ್ತು ಚಿಕಿತ್ಸೆಯ ಕೌಂಟರಿಗೆ ಹೋದಳು. ಅಲ್ಲಿದ್ದ ನರ್ಸು ಅವಳ ಬೆರಳಿಗೆ ಕ್ಲಿಪ್ಪು ಹಾಕಿದರು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಬೆಳಕು ಬಿಟ್ಟು ನೋಡುವ ಪುಟ್ಟ ಕ್ಲಿಪ್ಪು ಅದು, ಈಗ ಎಲ್ಲರಿಗೂ ಗೊತ್ತು. ತೊಂಬತ್ತಾರು ಎಂದು ತೋರಿಸಿತು. ನಿಮ್ಮ ನಿಯಮದ ಪ್ರಕಾರ ತೊಂಬತ್ನಾಲ್ಕಕ್ಕಿಂತ ಕೆಳಗಿಳಿದರೆ ಮಾತ್ರ ಡಾಕ್ಟರನ್ನು ಕೂಡಲೇ ಕರೆಯಬೇಕು, ಮಣಿಕಟ್ಟಿನಿಂದ ರಕ್ತ ತೆಗೆದು ಪರೀಕ್ಷಿಸಬೇಕು. ಅದಕ್ಕಿಂತ ಮೇಲಿದ್ದರೆ ಬೆಂಚು. ನರ್ಸು ಒಳ್ಳೆಯ ಹೆಂಗಸು. ಒಂದು ಲೋಟ ನೀರು ತಂದುಕೊಟ್ಟರು.

"ನಂಬರ್ ಚೆನ್ನಾಗಿದೆ ಕಣಮ್ಮಾ. ಗಾಬರಿ ಮಾಡ್ಕೊಂಡಿದೀರ ಅಷ್ಟೆ. ಕೂತ್ಕೊಳ್ಳಿ, ಕರೀತಾರೆ."

ತಾನು ದಿನಾ ಒರೆಸುತ್ತಿದ್ದ ಬೆಂಚಿನ ಮೇಲೆ ಅವಳು ಕೂತಳು. ಯಾರೋ ಹೇಳಿ ಕಳಿಸಿದಾಗ ನಾನು ಒದ್ದೆ ಕೈಯಲ್ಲೇ ಮೇಲೆ ಓಡಿದೆ. ನನ್ನನ್ನು ನೋಡಿ ನಕ್ಕಳು. ಯಾವ ಹೊತ್ತಿನಲ್ಲೂ ತಮಾಷೆ ಬಿಟ್ಟವಳಲ್ಲ.

"ನಂಬರ್ ಚೆನ್ನಾಗಿದೆಯಂತೆ ಕಣಕ್ಕಾ," ಎಂದಳು, ಎರಡೆರಡು ಪದಕ್ಕೆ ಒಂದು ಸಲ ಉಸಿರು ಎಳೆಯುತ್ತ. "ಹಾಗಾದ್ರೆ ಸಾಯ್ತಿರೋದು ಯಾರು?"

ಅದಕ್ಕೆ ನಾನು ಏನಂದೆ ಗೊತ್ತೇ, ಮಾನ್ಯರೇ? "ಸ್ವಲ್ಪ ಸುಮ್ಮನಿರೇ. ಮಿಷನ್ನೇ ಹೇಳ್ತಿದೆಯಲ್ಲ" ಎಂದೆ. ನೋಟುಬುಕ್ಕಿನಲ್ಲಿ ಇಲ್ಲದ ಮಾತು ಇದೇ. ಬರೆಯಲು ನನ್ನ ಕೈ ಬಂದಿರಲಿಲ್ಲ, ಇವತ್ತು ನಿಮಗಾಗಿ ಬರೆದಿದ್ದೇನೆ. ನೀವು ನಂಬಿದ ನಂಬರನ್ನೇ ನಾನೂ ನಂಬಿದೆ, ನನ್ನ ಕಣ್ಣೆದುರು ಇದ್ದ ತಂಗಿಯನ್ನು ನಂಬಲಿಲ್ಲ. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಅವಳು ನನ್ನ ತೊಡೆಯ ಮೇಲೆ ಜಾರಿದಳು. ಬೆರಳಲ್ಲಿದ್ದ ಕ್ಲಿಪ್ಪು ಆಗಲೂ ತೊಂಬತ್ನಾಲ್ಕು ಎನ್ನುತ್ತಿತ್ತು. ಆಮೇಲೆ ಎಲ್ಲರೂ ಓಡಿದರು. ಓಡುವುದರಲ್ಲಿ ನಿಮ್ಮ ಆಸ್ಪತ್ರೆಯನ್ನು ದೂರುವಂತಿಲ್ಲ, ಓಡುವ ಹೊತ್ತು ಮೀರಿದ ಮೇಲೆ ಬಹಳ ಚೆನ್ನಾಗಿ ಓಡುತ್ತೀರಿ.

ನನ್ನ ದೂರಿಗೆ ನಿಮ್ಮ ಕಚೇರಿಯಿಂದ ಉತ್ತರ ಬಂತು: "ರೋಗಿಯ ಆಮ್ಲಜನಕದ ಮಟ್ಟ ಸಮಾಧಾನಕರವಾಗಿತ್ತು. ಎಲ್ಲ ನಿಯಮಗಳನ್ನೂ ಪಾಲಿಸಲಾಗಿದೆ." ಯಾರಿಗೆ ಸಮಾಧಾನಕರ? ಆದರೆ ಎರಡನೇ ವಾಕ್ಯ ನಿಜ. ನಿಯಮ ಪಾಲಿಸಲಾಗಿತ್ತು. ಯಾರೂ ನನ್ನ ತಂಗಿಯನ್ನು ಬೈಯಲಿಲ್ಲ, ದೂಡಲಿಲ್ಲ, ಅವಳ ಕಪ್ಪು ಬಣ್ಣದ ಬಗ್ಗೆ ಒಂದು ಮಾತಾಡಲಿಲ್ಲ. ಯಾರಾದರೂ ಬೈದಿದ್ದರೆ ನನಗೂ ಎಷ್ಟೋ ಸುಲಭವಾಗುತ್ತಿತ್ತು, ನಿಮಗೂ ಆಗುತ್ತಿತ್ತು. ಆ ಒಬ್ಬರನ್ನು ಕೆಲಸದಿಂದ ತೆಗೆದು ಕೈ ತೊಳೆದುಕೊಳ್ಳುತ್ತಿದ್ದಿರಿ. ಇಲ್ಲಿ ತೆಗೆಯಲು ಯಾರೂ ಸಿಗಲಿಲ್ಲ. ಒಂದು ಕ್ಲಿಪ್ಪು, ಒಂದು ನಿಯಮ, ಒಂದು ಬೆಂಚು. ಮೂರಕ್ಕೂ ನಮ್ಮ ಮೇಲೆ ದ್ವೇಷವಿರಲಿಲ್ಲ. ಮೂರೂ ಸೇರಿ ಅವಳನ್ನು ಮುಗಿಸಿದವು.

ನಮ್ಮ ಬಣ್ಣದ ನೌಕರರೆಲ್ಲ ಅವಳ ಫೋಟೋ ಹಿಡಿದು ಒಂದು ದಿನ ಗೇಟಿನ ಮುಂದೆ ಸುಮ್ಮನೆ ನಿಂತೆವು. ಅದಕ್ಕೆ ನೀವು ಕಂಡುಕೊಂಡ ಪರಿಹಾರ ಸಾಕ್ಷ್ಯಚಿತ್ರ. ವರ್ಣಭೇದದ ವಿರುದ್ಧ ಜಾಗೃತಿ, ಬೇರೆ ಬಣ್ಣದ ಸಹೋದ್ಯೋಗಿಗಳ ಪರವಾಗಿ ನಿಲ್ಲಲು ಪ್ರೇರಣೆ ಎಂದು ಸುತ್ತೋಲೆಯಲ್ಲಿ ಬರೆದಿರಿ. ನಿಜ ಹೇಳಬೇಕೆಂದರೆ ನಾನು ಆಗ ನಿಮ್ಮನ್ನು ಮನಸ್ಸಿನಲ್ಲೇ ಹೊಗಳಿದೆ. ಈ ಮನುಷ್ಯನಿಗೆ ನಾಚಿಕೆಯಾಗಿದೆ, ನಾಚಿಕೆಯಾದವರು ಬದಲಾಗುತ್ತಾರೆ ಅಂದುಕೊಂಡೆ. ಹಾಗೆ ಬರೆದ ಪುಟ ನೋಟುಬುಕ್ಕಿನಲ್ಲಿ ಈಗಲೂ ಇದೆ. ಹರಿಯುವ ಮನಸ್ಸಾಗಿತ್ತು, ಬಿಟ್ಟಿದ್ದೇನೆ, ನನ್ನ ದಡ್ಡತನಕ್ಕೂ ಒಂದು ದಾಖಲೆ ಇರಲಿ.

ಚಿತ್ರ ಮಾಡಲು ಬಂದಾಕೆ ನಿಮ್ಮ ಬಣ್ಣದವಳು. ಬಂದವಳೇ ಕ್ಯಾಮೆರಾ ತೆಗೆಯಲಿಲ್ಲ. ಮೂರು ದಿನ ನೆಲಮಾಳಿಗೆಯಲ್ಲಿ ನಮ್ಮ ಜೊತೆ ಬೆಡ್‌ಶೀಟು ಮಡಚಿದಳು, ಅದೂ ಸೊಟ್ಟಗೆ. ನಮ್ಮ ಹುಡುಗಿಯರು ಅವಳು ಮಡಚಿದ್ದನ್ನೆಲ್ಲ ಬಿಚ್ಚಿ ಮತ್ತೆ ಮಡಚುತ್ತಿದ್ದರು. "ನೀವು ಸಿನಿಮಾನೂ ಹೀಗೇ ಮಾಡ್ತೀರಾ?" ಎಂದು ಒಬ್ಬಳು ಕೇಳಿಯೇಬಿಟ್ಟಳು. "ಅದನ್ನೂ ನೀವೇ ಬಿಚ್ಚಿ ಮಡಚಿಕೊಡಿ" ಎಂದಳು ಅವಳು. ನಾವು ಅವಳನ್ನು ಕ್ಯಾಮೆರಾದಮ್ಮ ಎಂದು ಕರೆದೆವು. ಅವಳಿಗೊಂದು ಪದ್ಧತಿ ಇತ್ತು. ಕ್ಯಾಮೆರಾ ಹಚ್ಚುವ ಮೊದಲು ಎದುರಿಗಿದ್ದವರಿಗೆ ಮಾತು ಕೊಡುತ್ತಿದ್ದಳು: ನೀವಿರುವ ಭಾಗದ ಒಂದು ಪ್ರತಿ ನಿಮ್ಮ ಕೈಗೆ ಬರುತ್ತದೆ, ಅದು ನಿಮ್ಮದು. ನಿಮ್ಮ ಪ್ರಚಾರ ವಿಭಾಗದವರು ಒಪ್ಪಂದ ಮಾಡಿಸುವಾಗ ಆ ಸಾಲನ್ನು ಓದಲಿಲ್ಲವೆಂದು ಕಾಣುತ್ತದೆ. ಓದಿದ್ದರೆ ಅದನ್ನೂ ಕತ್ತರಿಸುತ್ತಿದ್ದರು.

ಆ ಕ್ಯಾಮೆರಾದಮ್ಮನೇ ಉಪಕರಣ ರಿಪೇರಿಯವರ ಕೋಣೆಗೂ ಹೋದಳು. ನೀವು ನೋಟಿಸು ಕೊಟ್ಟಿರುವ ಮನುಷ್ಯ ಅವರೇ. ಕಿವಿಯ ಮೇಲೆ ಸದಾ ಒಂದು ಪುಟ್ಟ ಸ್ಕ್ರೂಡ್ರೈವರು ಸಿಕ್ಕಿಸಿಕೊಂಡಿರುವುದರಿಂದ ಇಡೀ ಆಸ್ಪತ್ರೆಗೆ ಅವರು ಸ್ಕ್ರೂ ಅಣ್ಣ. ಅವರೂ ನಿಮ್ಮ ಬಣ್ಣದವರೇ. ದಿನಾ ಬೆಳಗ್ಗೆ ಎಲ್ಲ ವಾರ್ಡುಗಳ ಕ್ಲಿಪ್ಪುಗಳನ್ನು ಪರೀಕ್ಷಿಸಿ ರಿಜಿಸ್ಟರಿನಲ್ಲಿ "ಸರಿ ಇದೆ" ಎಂದು ಸಹಿ ಮಾಡುವುದು ಅವರ ಕೆಲಸ. ಹೇಗೆ ಪರೀಕ್ಷಿಸುತ್ತೀರಿ ಎಂದು ಆಕೆ ಕೇಳಿದಳು. ಅವರು ತೋರಿಸಿದರು: ಕ್ಲಿಪ್ಪನ್ನು ತಮ್ಮ ಬೆರಳಿಗೆ ಹಾಕಿಕೊಂಡರು, ತೊಂಬತ್ತೆಂಟು ಬಂತು, ಸಹಿ ಮಾಡಿದರು. ಮುಂದಿನದು, ತಮ್ಮ ಬೆರಳು, ತೊಂಬತ್ತೆಂಟು, ಸಹಿ. ಹೀಗೆ ಆರೇಳು ಆದ ಮೇಲೆ ಅವರ ಕೈ ನಿಂತಿತು. ನಾನು ಅದನ್ನು ಅವರ ಕೈಗೆ ಬಂದ ಪ್ರತಿಯಲ್ಲಿ ನೋಡಿದ್ದೇನೆ. ತಮ್ಮ ಬೆರಳನ್ನೇ ಯಾರದೋ ಬೆರಳೆಂಬಂತೆ ಬಹಳ ಹೊತ್ತು ನೋಡುತ್ತಾರೆ.

"ಇಪ್ಪತ್ತೊಂದು ವರ್ಷ," ಎನ್ನುತ್ತಾರೆ. "ಇಪ್ಪತ್ತೊಂದು ವರ್ಷದಿಂದ ನಾನು ಇದನ್ನ ನನ್ನ ಬೆರಳಿಗೇ ಹಾಕಿ ನೋಡಿ ಸೈನ್ ಮಾಡಿದೀನಿ. ಬೇರೆ ಬೆರಳೂ ಇರುತ್ತೆ ಅಂತ ತಲೆಗೇ ಬರ್ಲಿಲ್ಲ."

ಇಂಥ ತಪ್ಪನ್ನು ಅಂಥವರೇ ಮಾಡಬಲ್ಲರು, ನಮ್ಮ ಕೈಯಲ್ಲಿ ಆಗುವಂಥದ್ದಲ್ಲ. ನಮ್ಮ ಬೆರಳನ್ನು ಅಳತೆಗೋಲು ಎಂದು ಯಾರೂ ಯಾವತ್ತೂ ಅಂದುಕೊಂಡಿಲ್ಲ, ನಾವೂ ಅಂದುಕೊಂಡಿಲ್ಲ. ಆದರೆ ಆ ಮನುಷ್ಯ ತಪ್ಪು ಕಂಡ ಮೇಲೆ ಸುಮ್ಮನಿರಲಿಲ್ಲ. ಎದೆರೋಗದ ವಾರ್ಡಿನ ಹಳೆಯ ರಿಜಿಸ್ಟರು ತೆಗೆದರು. ಹತ್ತು ನಿಮಿಷದ ಅಂತರದಲ್ಲಿ ಕ್ಲಿಪ್ಪು ಹಾಕಿ, ರಕ್ತವನ್ನೂ ತೆಗೆದಿದ್ದ ರೋಗಿಗಳನ್ನು ಹುಡುಕಿ ಎರಡು ಸಂಖ್ಯೆಗಳನ್ನೂ ಅಕ್ಕಪಕ್ಕ ಬರೆದರು. ನಿಮ್ಮ ಬಣ್ಣದವರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ನಮ್ಮ ಬಣ್ಣದವರಲ್ಲಿ ಉಸಿರು ಕಡಿಮೆಯಾದಷ್ಟೂ ಕ್ಲಿಪ್ಪು ರಕ್ತದಲ್ಲಿರುವುದಕ್ಕಿಂತ ಹೆಚ್ಚು ಹೇಳುತ್ತಿತ್ತು, ಕಪ್ಪು ಚರ್ಮದಲ್ಲಿ ಅದರ ಬೆಳಕಿಗೆ ಲೆಕ್ಕ ತಪ್ಪುತ್ತದೆ. ಎಲ್ಲರಲ್ಲೂ ಅಲ್ಲ. ಬೆಂಚಿನ ಮೇಲೆ ಕೂರಿಸಿ ಮರೆಯುವಷ್ಟು ಜನರಲ್ಲಿ.

ಆ ವಾರ್ಡಿನಲ್ಲಿದ್ದ ಒಬ್ಬ ಮುದುಕರು, ರಸ್ತೆಗೆ ಡಾಂಬರು ಹಾಕುವ ಕೆಲಸ ಮಾಡಿ ನಿವೃತ್ತರಾದವರು, ಕ್ಯಾಮೆರಾ ಮುಂದೆ ಪರೀಕ್ಷೆಗೆ ಒಪ್ಪಿದರು. ಅವತ್ತು ಹೇಗೂ ಅವರ ರಕ್ತ ತೆಗೆಯುವುದಿತ್ತು. ಕ್ಲಿಪ್ಪು ತೊಂಬತ್ಮೂರು ಎಂದಿತು. ರಕ್ತ ಎಂಬತ್ತಾರು ಎಂದಿತು. ಮುದುಕರು ಎರಡನ್ನೂ ಕೇಳಿ ಬೆರಳನ್ನು ಮೇಲೆತ್ತಿ ನೋಡಿಕೊಂಡರು.

"ನನ್ನ ಬೆರಳೂ ಸುಳ್ಳು ಹೇಳೋದು ಕಲ್ತುಬಿಡ್ತಾ? ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡ್ರಪ್ಪ."

ವಾರ್ಡೆಲ್ಲ ನಕ್ಕಿತು. ಚಿತ್ರದಲ್ಲಿ ಆ ನಗುವಿನ ಹಿಂದೆಯೇ ಸ್ಕ್ರೂ ಅಣ್ಣ ಕೌಂಟರಿನ ನಿಯಮದ ಹಾಳೆ ತೋರಿಸಿ ಹೇಳುತ್ತಾರೆ: ಈ ಬಣ್ಣದ ರೋಗಿ ಉಸಿರಿಲ್ಲ ಎಂದರೆ ನಂಬರು ನೋಡಿ ಕಳಿಸಬೇಡಿ, ರಕ್ತ ತೆಗೆಯಿರಿ. ಇಷ್ಟೇ. ಇದೆಲ್ಲ ಸೇರಿ ಹನ್ನೊಂದು ನಿಮಿಷ.

ಆ ಹನ್ನೊಂದು ನಿಮಿಷವನ್ನು ನೀವು ಕತ್ತರಿಸಿದಿರಿ.

ಕ್ಯಾಮೆರಾದಮ್ಮ ಕೊಟ್ಟದ್ದು ನಲವತ್ತು ನಿಮಿಷದ ಚಿತ್ರ, ಅದಕ್ಕೆ ಅವಳಿಟ್ಟ ಹೆಸರು 'ತೊಂಬತ್ತಾರು'. ನೀವು ತೋರಿಸಿದ್ದು ಮೂವತ್ಮೂರು ನಿಮಿಷದ 'ಎಲ್ಲರ ಉಸಿರೂ ಒಂದೇ'. ತೆಗೆದ ಹನ್ನೊಂದರ ಜಾಗದಲ್ಲಿ ನಿಮ್ಮ ಭಾಷಣದ ನಾಲ್ಕು ನಿಮಿಷ ಬಂದು ಕೂತಿತ್ತು. ಯಾಕೆ ತೆಗೆದಿರಿ ಎಂದು ಆಕೆ ಕೇಳಿದ್ದಕ್ಕೆ ಪ್ರಚಾರ ವಿಭಾಗ ಕೊಟ್ಟ ಉತ್ತರವನ್ನು ನನಗೆ ಓದಿ ಹೇಳಿದಳು: "ತಾಂತ್ರಿಕ ವಿವರಗಳು ಚಿತ್ರದ ಭಾವನಾತ್ಮಕ ಲಯಕ್ಕೆ ಅಡ್ಡಿಯಾಗುತ್ತವೆ." ಸಾಕ್ಷ್ಯಚಿತ್ರದಿಂದ ಸಾಕ್ಷ್ಯವನ್ನು ತೆಗೆದು ಚಿತ್ರವನ್ನು ಉಳಿಸಿಕೊಂಡಿರಿ. ಉಳಿದದ್ದೇನು? ನನ್ನ ಕೈ. ಬೆಡ್‌ಶೀಟು ಮಡಚುವ ನನ್ನ ಎರಡು ಕೈ, ಹಿಂದೆ ಕೊಳಲು. ನನ್ನ ಕೈ ಅಷ್ಟು ನಿಧಾನವಾಗಿ ಯಾವತ್ತೂ ಮಡಚಿದ್ದಿಲ್ಲ. ಹಾಗೆ ಮಡಚಿದರೆ ಮೇಸ್ತ್ರಿ ಬೈಯುತ್ತಾನೆ. ನಂತರ ನನ್ನ ತಂಗಿಯ ಫೋಟೋ, ಮತ್ತೆ ಕೊಳಲು. ಹೆಣಕ್ಕೆ ಸಿಂಗಾರ ಮಾಡಬಾರದು ಎಂದು ಹಿರಿಯರು ಗಾದೆ ಮಾಡಿಟ್ಟರು. ನಿಮ್ಮ ಪ್ರಚಾರ ವಿಭಾಗದಲ್ಲಿ ಹಿರಿಯರು ಯಾರೂ ಇದ್ದಂತಿಲ್ಲ.

ಸಭಾಂಗಣದಲ್ಲಿ ಎಲ್ಲರೂ ಅತ್ತರು, ನಿಜ. ಕಣ್ಣೀರು ತರಿಸುವುದು ದೊಡ್ಡ ವಿದ್ಯೆಯೇನಲ್ಲ, ಈರುಳ್ಳಿಗೂ ಅದು ಬರುತ್ತದೆ. ಅತ್ತವರಲ್ಲಿ ನೆಲ ಒರೆಸುವವರು, ಲಾಂಡ್ರಿಯವರು ಯಾರೂ ಇರಲಿಲ್ಲ, ಏಕೆಂದರೆ ಅವರಿಗೆ ಕುರ್ಚಿ ಸಾಲದೆ "ಎರಡನೇ ಪ್ರದರ್ಶನ" ಎಂದು ಹೇಳಿದ್ದಿರಿ. ಆ ಎರಡನೇ ಪ್ರದರ್ಶನ ಇನ್ನೂ ಬಂದಿಲ್ಲ. ಅವತ್ತು ಸಭಾಂಗಣದಲ್ಲಿದ್ದವರ ಕೆಲಸವನ್ನೂ ಸೇರಿಸಿ ಅವರು ಮಾಡುತ್ತಿದ್ದರು. ನಾನೊಬ್ಬಳು ಮುಂದಿನ ಸಾಲಿನಲ್ಲಿದ್ದೆ, ಹೂಗುಚ್ಛ ಹಿಡಿಯಲು ಒಂದು ಕೈ ಬೇಕಿತ್ತಲ್ಲ. ಪರದೆಯ ಮೇಲೆ ನೀವು ಎದೆಯ ಮೇಲೆ ಕೈಯಿಟ್ಟು, "ನನಗೆ ಮನುಷ್ಯರಲ್ಲಿ ಬಣ್ಣವೇ ಕಾಣುವುದಿಲ್ಲ" ಎಂದಿರಿ. ಚಪ್ಪಾಳೆ ಬಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಅದಕ್ಕೂ ಹಾಗೇ, ಯಾರೂ ಕಾಣುವುದಿಲ್ಲ. ನಿಮಗೆ ಕಾಣದಿದ್ದರೆ ಬೇಡ, ಮಾನ್ಯರೇ. ನಿಮ್ಮ ಕ್ಲಿಪ್ಪಿಗೆ ಕಾಣುತ್ತದೆ.

ಚಿತ್ರ ಮುಗಿದ ಮೇಲೆ ಬಾಗಿಲಲ್ಲಿ ಒಂದು ಹಾಳೆಗೆ ಸಹಿ ಮಾಡಿಸಿ ಎಲ್ಲರಿಗೂ ಬ್ಯಾಡ್ಜು ಕೊಟ್ಟಿರಿ. ದುಂಡಗಿನದು, ಹಿಂದೆ ಪಿನ್ನು, ಮುಂದೆ "ನಾನು ನಿಮ್ಮ ಜೊತೆ". ಈ ಬ್ಯಾಡ್ಜುಗಳ ಬಗ್ಗೆ ನಿಮಗಿಂತ ಹೆಚ್ಚು ತಿಳಿದಿರುವವರು ನಾವು. ಬಿಳಿ ಕೋಟುಗಳು ಒಗೆಯಲು ನಮ್ಮಲ್ಲಿಗೇ ಬರುತ್ತವೆ. ಬಿಚ್ಚಿಡುವುದನ್ನೂ ಮರೆತು ಕೋಟಿನ ಜೊತೆಗೇ ಎಸೆದ ಬ್ಯಾಡ್ಜುಗಳು ಮಿಷನ್ನಿಗೆ ಬಿದ್ದು, ಪಿನ್ನು ಬಿಚ್ಚಿಕೊಂಡು, ಒಂದೇ ವಾರದಲ್ಲಿ ಹದಿನೇಳು ಬೆಡ್‌ಶೀಟು ಹರಿದವು. ಮೇಸ್ತ್ರಿ ನಮ್ಮನ್ನೇ ಬೈದ. ಅವತ್ತಿನಿಂದ ಕೋಟು ಬಂದ ಕೂಡಲೇ ಜೇಬು, ಕಾಲರು ತಡವಿ ತೆಗೆಯುತ್ತೇವೆ. ಒಂದು ಬಿಸ್ಕತ್ತಿನ ಡಬ್ಬಿ ತುಂಬಿದೆ. "ನಮ್ಮ ಜೊತೆ ಇರೋರು ಎಷ್ಟು ಜನ ನೋಡಕ್ಕಾ," ಎಂದು ನಮ್ಮ ಹುಡುಗಿಯೊಬ್ಬಳು ಡಬ್ಬಿ ಅಲ್ಲಾಡಿಸಿ ಸದ್ದು ಮಾಡಿದಳು. "ಎಲ್ರೂ ನೆಲಮಾಳಿಗೆಗೇ ಬಂದ್ಬಿಟ್ಟವ್ರೆ."

ನಗು ಬರುತ್ತದೆ, ಬರಲಿ. ಆದರೆ ಅದಾಗಿ ಎರಡೂವರೆ ತಿಂಗಳಿಗೆ ನಡೆದದ್ದನ್ನು ಕೇಳಿ.

ನನ್ನ ತಂಗಿಯ ಮಗಳಿಗೆ ಹದಿನಾರು ವರ್ಷ. ತಾಯಿಯ ದುರ್ಬಲ ಎದೆಯೇ ಅವಳಿಗೂ ಬಂದಿದೆ. ಹೋದ ತಿಂಗಳ ಇಪ್ಪತ್ತೆರಡು, ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ ಶಾಲೆಯಿಂದಲೇ ಅವಳನ್ನು ಎತ್ತಿಕೊಂಡಂತೆ ಕರೆತಂದೆ. ಅದೇ ಕೌಂಟರು. ಅದೇ ನರ್ಸು, ನನ್ನ ತಂಗಿಗೆ ನೀರು ತಂದುಕೊಟ್ಟಾಕೆ. ಎದೆಯ ಮೇಲೆ ನಿಮ್ಮ ಬ್ಯಾಡ್ಜು ಇತ್ತು, ಆಕೆ ಅದನ್ನು ಬಿಚ್ಚಿಟ್ಟವಳಲ್ಲ. ನನ್ನನ್ನು ಕಂಡಕೂಡಲೇ ಗುರುತು ಹಿಡಿದಳು, ಓಡಿಬಂದು ಹುಡುಗಿಯ ಬೆನ್ನು ಸವರಿದಳು, ಕೂರಿಸಿದಳು, ಕ್ಲಿಪ್ಪು ಹಾಕಿದಳು. ತೊಂಬತ್ತೈದು.

"ಹೆದರ್ಬೇಡಿ ಅಮ್ಮಾ, ಚೆನ್ನಾಗಿದೆ. ಸ್ವಲ್ಪ ಹೊತ್ತು ಬೆಂಚ್ ಮೇಲೆ ಇರ್ಲಿ."

"ಸಿಸ್ಟರ್, ಅದನ್ನ ನಂಬ್ಬೇಡಿ," ಎಂದೆ. "ರಕ್ತ ತೆಗೆದು ನೋಡಿ."

"ತೊಂಬತ್ನಾಲ್ಕರ ಕೆಳಗೆ ಬಂದ್ರೆ ಮಾತ್ರ ಅಮ್ಮಾ. ನಾನಾಗಿ ನಾನು ಹೇಗೆ ಬರೆಯಲಿ? ನಿಮ್ಮ ಸಂಕಟ ನನಗೆ ಅರ್ಥ ಆಗತ್ತೆ. ಪಿಕ್ಚರ್ ನೋಡಿ ಎಷ್ಟು ಅತ್ತಿದೀನಿ ಗೊತ್ತಾ?"

ಅವಳ ಕಣ್ಣಲ್ಲಿ ಆಗಲೂ ನೀರು ಬಂತು. ಅದು ಸುಳ್ಳಲ್ಲ. ನನ್ನ ಮಗು ಪಕ್ಕದಲ್ಲಿ, "ದೊಡ್ಡಮ್ಮಾ, ಮನೆಗೆ ಹೋಗೋಣ, ಇವರಿಗೆ ತೊಂದ್ರೆ ಆಗ್ತಿದೆ," ಎನ್ನುತ್ತಿದೆ. ಅವಳ ತುಟಿಯ ಬಣ್ಣ ನೋಡಿದೆ. ಈ ಸಲ ನಾನು ಸುಮ್ಮನಿರು ಎನ್ನಲಿಲ್ಲ. ಸ್ಕ್ರೂ ಅಣ್ಣನಿಗೆ ಫೋನು ಮಾಡಿದೆ.

ಅವರು ಓಡಿಬಂದರು. ತಮ್ಮ ಪಾಲಿಗೆ ಬಂದಿದ್ದ ಆ ಹನ್ನೊಂದು ನಿಮಿಷ ಅವರ ಫೋನಿನಲ್ಲಿತ್ತು. ಡಾಂಬರಿನ ಮುದುಕರಿದ್ದ ಜಾಗಕ್ಕೆ ಸರಿಸಿ ಫೋನನ್ನು ನರ್ಸಿನ ಮುಖದ ಮುಂದೆ ಹಿಡಿದರು. ಆ ಕಡೆಯಿಂದ ಹೋಗುತ್ತಿದ್ದ ಡಾಕ್ಟರು, ಇನ್ನೂ ಎಳೆಯ ವಯಸ್ಸಿನವರು, "ಏನದು ಗದ್ದಲ?" ಎಂದು ಬಗ್ಗಿದರು, ಬಗ್ಗಿದವರು ಹಾಗೇ ನಿಂತರು. ಎರಡು ನಿಮಿಷವೂ ಆಗಿರಲಿಲ್ಲ, ಡಾಕ್ಟರು ಹುಡುಗಿಯ ಮಣಿಕಟ್ಟು ಹಿಡಿದಿದ್ದರು. ರಕ್ತದ ಫಲಿತಾಂಶ ಎಂಬತ್ಮೂರು. ಬೆರಳಿನ ಕ್ಲಿಪ್ಪು ಇನ್ನೂ ತೊಂಬತ್ತೈದು ಎನ್ನುತ್ತಲೇ ಇತ್ತು. ಹುಡುಗಿ ಐದು ದಿನ ಆಮ್ಲಜನಕದಲ್ಲಿದ್ದಳು. ಈಗ ಮನೆಯಲ್ಲಿದ್ದಾಳೆ, ಈ ಪತ್ರವನ್ನು ಶುದ್ಧಪ್ರತಿ ಮಾಡಿಕೊಡುತ್ತಿದ್ದಾಳೆ, ನನ್ನ ಕಾಗುಣಿತಕ್ಕೆ ನಗುತ್ತಿದ್ದಾಳೆ.

ನೀವು ಹೇಳುವ ಗೊಂದಲ ಇದೇ ತಾನೆ? ಕರ್ತವ್ಯದಲ್ಲಿದ್ದ ಇಬ್ಬರಿಗೆ ತಮ್ಮ ಕರ್ತವ್ಯ ಏನೆಂದು ತಿಳಿದದ್ದು? ಒಂದು ಪ್ರಶ್ನೆ ಕೇಳುತ್ತೇನೆ. ಸಭಾಂಗಣದಲ್ಲಿ ಮೂವತ್ಮೂರು ನಿಮಿಷ ನೋಡಿ ಅತ್ತ ನರ್ಸು ನನ್ನ ಮಗುವನ್ನು ಬೆಂಚಿಗೆ ಕಳಿಸಿದಳು. ಎರಡು ನಿಮಿಷ ನೋಡಿದ ಅದೇ ನರ್ಸು ಆಮ್ಲಜನಕದ ಸಿಲಿಂಡರು ತಾನೇ ತಳ್ಳಿಕೊಂಡು ಬಂದಳು. ಇದರಲ್ಲಿ ವರ್ಣಭೇದದ ವಿರುದ್ಧದ ಚಿತ್ರ ಯಾವುದು? ನಮ್ಮ ಪರ ನಿಲ್ಲುವ ಮನಸ್ಸು ಆಕೆಗೆ ಮೊದಲಿಂದಲೂ ಇತ್ತು, ನೀವು ಹುಟ್ಟಿಸಬೇಕಾಗಿರಲಿಲ್ಲ. ನಿಲ್ಲುವುದು ಎಲ್ಲಿ, ಹೇಗೆ ಎಂಬುದನ್ನು ಮಾತ್ರ ಹೇಳಬೇಕಿತ್ತು. ಅಷ್ಟನ್ನೇ ತೆಗೆದು, ಬದಲಿಗೆ ಒಂದು ಪಿನ್ನು ಕೊಟ್ಟಿರಿ.

ಅದು ನಮಗೆ ಮಾಡಿದ ಅನ್ಯಾಯ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಆ ನರ್ಸಿಗೆ ಮಾಡಿದ ಅನ್ಯಾಯವೂ ಹೌದು ಎಂದು ಆ ಗುರುವಾರ ಗೊತ್ತಾಯಿತು. ಸಂಜೆ ಕೆಲಸ ಮುಗಿಸಿ ಆಕೆ ವಾರ್ಡಿಗೆ ಬಂದಳು. ಹುಡುಗಿ ಮಲಗಿದ್ದಳು. ಆಕೆ ಕೂರಲಿಲ್ಲ, ಮಂಚದ ಕಂಬಿ ಹಿಡಿದು ನಿಂತಳು.

"ನಿಮ್ಮ ತಂಗಿಗೂ ಅವತ್ತು ಹೀಗೇ ಇತ್ತಾ?" ಎಂದಳು.

ನಾನು ಹೂಂ ಎಂದೆ.

"ಪಿಕ್ಚರಲ್ಲಿ ಇದನ್ನ ನಮಗೆ ಯಾಕಮ್ಮಾ ತೋರಿಸ್ಲಿಲ್ಲ? ತೋರಿಸಿದ್ರೆ ನಾನು ಇವತ್ತು ಇವಳನ್ನ ಅಲ್ಲಿ ಕೂರಿಸ್ತಿದ್ನಾ?"

ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಒಂದೇ ಮಾತು ನಂಬಿ ಒಬ್ಬಳನ್ನು ಕಳೆದುಕೊಂಡವರು ನಾವು.

ಈಗ ನನ್ನ ಬೇಡಿಕೆ. ಸ್ಕ್ರೂ ಅಣ್ಣನ ಮೇಲಿನ ನೋಟಿಸನ್ನು ಈ ವಾರವೇ ವಾಪಸು ತೆಗೆದುಕೊಳ್ಳಿ. ಅವರನ್ನು ತೆಗೆದುಹಾಕಿದರೆ ಉಳಿಯುವುದು ತಮ್ಮ ಬೆರಳಿಗೇ ಹಾಕಿ ನೋಡಿ ಸಹಿ ಮಾಡುವವರು. ಆ ಹನ್ನೊಂದು ನಿಮಿಷವನ್ನು ಅದರ ಜಾಗಕ್ಕೆ ಸೇರಿಸಿ ಇಡೀ ನಲವತ್ತು ನಿಮಿಷವನ್ನು ಎಲ್ಲ ಪಾಳಿಯವರಿಗೂ ತೋರಿಸಿ, ನೆಲ ಒರೆಸುವವರಿಗೂ ಕುರ್ಚಿ ಹಾಕಿ. ನಿಮ್ಮ ಭಾಷಣ ಬೇಕಾದರೆ ಕೊನೆಯಲ್ಲಿ ಇರಲಿ, ಹೋಗುವವರು ಹೋಗಲಿ. ಕೌಂಟರಿನ ನಿಯಮದ ಹಾಳೆ ಬದಲಿಸಿ: ನಮ್ಮ ಬಣ್ಣದವರು ಉಸಿರಿಲ್ಲ ಎಂದರೆ ನಂಬರು ಎಷ್ಟೇ ಇರಲಿ, ರಕ್ತ ನೋಡಬೇಕು. ಕ್ಷಮೆ ಕೇಳಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಕ್ಷಮೆಗೂ ಪ್ರಚಾರ ವಿಭಾಗ ಕೊಳಲು ಹಾಕಿಬಿಡುತ್ತದೆ ಎಂಬ ಭಯ.

ಇನ್ನೊಂದಿದೆ. ಆ ನರ್ಸು ಕೇಳಿದ ಪ್ರಶ್ನೆ ನನ್ನದಲ್ಲ, ನಿಮ್ಮದು. ದಾರಿ ತಪ್ಪಿ ನನ್ನ ಹತ್ತಿರ ಬಂದಿತ್ತು, ನಿಮಗೆ ತಲುಪಿಸುತ್ತಿದ್ದೇನೆ. ಆಕೆ ನಾಳೆ ಬೆಳಗ್ಗೆ ಎಂಟರಿಂದ ಕೌಂಟರಿನಲ್ಲಿರುತ್ತಾಳೆ. ನಿಮ್ಮ ಕೋಣೆಯಿಂದ ಇಳಿದು ಹೋಗಿ, ಅವಳ ಎದುರು ನಿಂತು, ಯಾಕೆ ತೋರಿಸಲಿಲ್ಲ ಎಂದು ನೀವೇ ಬಾಯಿಬಿಟ್ಟು ಹೇಳಿ. ಹೇಳಲು ಹೊತ್ತು ಬೇಕಾದರೆ ತೆಗೆದುಕೊಳ್ಳಿ. ನೀವು ಮಾತು ಹುಡುಕುತ್ತಿರುವಾಗ ಪಕ್ಕದ ಬೆಂಚಿನ ಮೇಲೆ ಯಾರು ಕೂತಿದ್ದಾರೆ, ಎಷ್ಟು ಹೊತ್ತಿನಿಂದ ಕೂತಿದ್ದಾರೆ ಎಂದು ಒಂದು ಸಲ ತಿರುಗಿ ನೋಡಿ.

ಇಂತಿ,
ಬೇರೆ ಆಸ್ಪತ್ರೆ ಇಲ್ಲದ ಕಾರಣಕ್ಕೆ ಇನ್ನೂ ನಿಮ್ಮವಳಾಗಿಯೇ ಉಳಿದಿರುವ
ಲಾಂಡ್ರಿಯ ಒಬ್ಬ ಹೆಂಗಸು